ಎರಡು ಗಂಟೆ ನಲವತ್ತು ನಿಮಿಷ

— ಮುಳುಗುತ್ತದೆ ಎಂದು ಊರಿಗೆಲ್ಲ ಗೊತ್ತಿರುವ ಹಡಗು, ಮೇಷ್ಟ್ರೇ. ಟಿಕೆಟ್ ಕೊಳ್ಳುವವನಿಗೂ ಗೊತ್ತು, ಪಕ್ಕದ ಕುರ್ಚಿಯವನಿಗೂ ಗೊತ್ತು. ಆದರೂ ಮೂರು ಗಂಟೆಗಿಂತ ಹೆಚ್ಚು ಹೊತ್ತು ಜನ ಏಳದೆ ಕೂರುತ್ತಾರೆ. 1997ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಟೈಟಾನಿಕ್’ ಸತತ 15 ವಾರ ಅಲ್ಲಿನ ಗಳಿಕೆಯ ಪಟ್ಟಿಯ ತುದಿಯಿಂದ ಇಳಿಯಲಿಲ್ಲ. 2012ರಲ್ಲಿ ತ್ರೀಡಿ ಮಾಡಿ ಬಿಟ್ಟರು, ಜನ ಬಂದರು. 2023ರಲ್ಲಿ ಮತ್ತೆ ಬಿಟ್ಟರು, ಮತ್ತೆ ಬಂದರು. ಕೊನೆ ಗೊತ್ತಿರುವ ಕಥೆಗೆ ಇಷ್ಟು ಹಸಿವು ಯಾಕೆ?

— ಕೊನೆ ಗೊತ್ತಿರುವುದರಿಂದಲೇ. ಅಭಿಮನ್ಯು ಕಾಳಗದ ಆಟಕ್ಕೆ ಕೂತವರಿಗೆ ಹುಡುಗ ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಎಂದು ಗೊತ್ತಿಲ್ಲವೇ? ಆದರೂ ಬೆಳಗಿನ ಜಾವ ಅವನು ಬೀಳುವಾಗ ಕಣ್ಣೊರೆಸಿಕೊಳ್ಳುತ್ತಾರೆ. ಗೊತ್ತಿರುವುದು ನಮಗೆ. ಗೊತ್ತಿಲ್ಲದೆ ಒಳಗೆ ನುಗ್ಗುವವನು ಅವನು. ಸಂಕಟ ಇರುವುದು ಆ ಎರಡರ ನಡುವೆ. ಜೇಮ್ಸ್ ಕ್ಯಾಮರಾನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಚಿತ್ರ ಶುರುವಾಗಿ ಹೆಚ್ಚು ಹೊತ್ತಾಗಿರುವುದಿಲ್ಲ, ವೃದ್ಧೆ ರೋಸ್‌ಳನ್ನು ಎದುರಿಗೆ ಕೂರಿಸಿಕೊಂಡು ಒಬ್ಬ ತಂತ್ರಜ್ಞ ಹಡಗು ಮುಳುಗಿದ ಬಗೆಯನ್ನು ಕಂಪ್ಯೂಟರ್ ಪರದೆಯ ಮೇಲೆ ತೋರಿಸಿಬಿಡುತ್ತಾನೆ. ಹಿಮಗಡ್ಡೆ ಬಲಮಗ್ಗುಲನ್ನು ಸೀಳಿತು, ಮುಂಭಾಗದ ಕೋಣೆಗಳಿಗೆ ನೀರು ನುಗ್ಗಿತು, ಒಂದು ತುಂಬಿ ಮುಂದಿನದಕ್ಕೆ ಉಕ್ಕಿತು, ಮೂತಿ ಇಳಿದಂತೆ ಹಿಂಭಾಗ ಮೇಲೆದ್ದಿತು, ಭಾರ ತಾಳದೆ ನಡು ಮುರಿಯಿತು. ಪಾಠ ಮುಗಿಯಿತು. ಅದನ್ನು ಅಷ್ಟು ಮೊದಲೇ ಯಾಕಿಟ್ಟ ಹೇಳು? ಕೊನೆಯ ಗಂಟೆಯಲ್ಲಿ ಯಾರೂ ನಮಗೆ ಏನನ್ನೂ ವಿವರಿಸುವ ಅಗತ್ಯ ಬೀಳಬಾರದು ಎಂದು. ನಡುಭಾಗದ ಡೆಕ್ಕು ಬಿರಿಯುವಾಗ ಅದು ಏನೆಂದು ನಮಗೆ ಆಗಲೇ ಗೊತ್ತು. ನಮ್ಮ ಕಣ್ಣೆಲ್ಲ ಮುಖಗಳ ಮೇಲೆ.

— ಅದು ಕಸುಬಿನ ಮಾತು, ಒಪ್ಪುತ್ತೇನೆ. ಆದರೆ ಆ ಕಸುಬನ್ನು ಬೇರೆ ಹಡಗಿನ ಮೇಲೂ ತೋರಿಸಬಹುದಿತ್ತಲ್ಲ? 1945ರ ಜನವರಿ 30ರಂದು ಬಾಲ್ಟಿಕ್ ಸಮುದ್ರದಲ್ಲಿ ಸೋವಿಯತ್ ಜಲಾಂತರ್ಗಾಮಿಯ ಟಾರ್ಪೀಡೊ ಬಿದ್ದು ವಿಲ್ಹೆಲ್ಮ್ ಗುಸ್ಟ್‌ಲೋಫ್ ಮುಳುಗಿತು. ಸತ್ತವರು 9,000 ಇರಬಹುದೆಂಬ ಅಂದಾಜಿದೆ. ಹೆಚ್ಚಿನವರು ನಿರಾಶ್ರಿತರು, ಅವರಲ್ಲೂ ಮಕ್ಕಳು. 1987ರ ಡಿಸೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಡೋನ್ಯಾ ಪಾಸ್ ಎಂಬ ಹಡಗು ತೈಲದ ಹಡಗಿಗೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. 4,000ಕ್ಕೂ ಹೆಚ್ಚು ಜನ ಹೋದರು. ಟೈಟಾನಿಕ್‌ನಲ್ಲಿ ಸತ್ತವರು ಸುಮಾರು 1,500. ಲೆಕ್ಕ ಹಿಡಿದರೆ ಈ ಹಡಗಿಗೆ ಈ ಪಟ್ಟ ಸಿಗುವುದಿಲ್ಲ.

— ಲೆಕ್ಕ ಹಿಡಿಯಬೇಕಾದದ್ದು ಹೊತ್ತನ್ನು. ಲೂಸಿಟೇನಿಯಾ 1915ರಲ್ಲಿ ಐರ್ಲೆಂಡಿನ ಕರಾವಳಿಯ ಹತ್ತಿರ ಮುಳುಗಲು 18 ನಿಮಿಷ ಹಿಡಿಯಿತು. ಹದಿನೆಂಟು ನಿಮಿಷದಲ್ಲಿ ಮನುಷ್ಯ ಏನು ಮಾಡುತ್ತಾನೆ? ಓಡುತ್ತಾನೆ, ಕೂಗುತ್ತಾನೆ, ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಅಲ್ಲಿ ಭೀತಿ ಇರುತ್ತದೆ, ಆಯ್ಕೆಗೆ ಪುರುಸೊತ್ತಿರುವುದಿಲ್ಲ. ಟೈಟಾನಿಕ್ 1912ರ ಏಪ್ರಿಲ್ 14ರ ರಾತ್ರಿ 11:40ಕ್ಕೆ ಹಿಮಗಡ್ಡೆಗೆ ತಾಗಿತು, ನಸುಕಿನ 2:20ಕ್ಕೆ ಮರೆಯಾಯಿತು. ಎರಡು ಗಂಟೆ ನಲವತ್ತು ನಿಮಿಷ. ಸಮುದ್ರ ಕೊಳದಂತೆ ಶಾಂತ, ಬಿರುಗಾಳಿ ಇಲ್ಲ, ದೀಪಗಳು ಹೆಚ್ಚುಕಡಿಮೆ ಕೊನೆಯವರೆಗೂ ಉರಿದವು. ಕೆಳಗೆ ಎಂಜಿನಿಯರ್‌ಗಳು ಜನರೇಟರ್ ನಿಲ್ಲಲು ಬಿಡಲಿಲ್ಲ. ಅವರಲ್ಲಿ ಒಬ್ಬರೂ ಬದುಕಲಿಲ್ಲ. ಆ ಬೆಳಕಿನಲ್ಲಿ, ಆ ಹೊತ್ತಿನಲ್ಲಿ ಪ್ರತಿಯೊಬ್ಬರೂ ತಾನು ಯಾರೆಂದು ತೀರ್ಮಾನಿಸಬೇಕಾಯಿತು. ಐಡಾ ಸ್ಟ್ರಾಸ್ ಗಂಡನನ್ನು ಬಿಟ್ಟು ದೋಣಿ ಹತ್ತಲೊಲ್ಲೆ ಎಂದಳು. ವ್ಯಾಲೇಸ್ ಹಾರ್ಟ್ಲಿಯ ವಾದ್ಯಮೇಳದ ಎಂಟು ಜನ ನುಡಿಸುತ್ತ ಉಳಿದರು, ಎಂಟೂ ಜನ ಸತ್ತರು. ನಿಸ್ತಂತು ಕೋಣೆಯಲ್ಲಿ ಜ್ಯಾಕ್ ಫಿಲಿಪ್ಸ್ ಕೊನೆಯವರೆಗೂ ಸಂದೇಶ ಕಳಿಸುತ್ತಲೇ ಇದ್ದ. ಹಡಗಿನ ಕಂಪನಿಯ ಮುಖ್ಯಸ್ಥ ಬ್ರೂಸ್ ಇಸ್ಮೇ ಒಂದು ದೋಣಿಯಲ್ಲಿ ಕಾಲಿಟ್ಟು ಬದುಕಿಕೊಂಡ, ಉಳಿದ ಆಯುಸ್ಸನ್ನೆಲ್ಲ ಆ ಒಂದು ಹೆಜ್ಜೆಗೆ ಉತ್ತರ ಕೊಡುತ್ತ ಕಳೆದ. ಒಂದು ಸಿನಿಮಾದ ಅಳತೆಗೆ ಸರಿಯಾಗಿ ಘಟಿಸಿದ ದುರಂತ ಇದು. ಬರಹಗಾರ ಕಟ್ಟಬೇಕಾದ ಅಂಕಗಳನ್ನು ಆ ರಾತ್ರಿಯೇ ಕಟ್ಟಿಕೊಟ್ಟಿದೆ.

— ನೀವು ಹೇಳಿದ ಹೆಸರುಗಳನ್ನೇ ನೋಡಿ. ಐಡಾಳ ಗಂಡ ಸ್ಟ್ರಾಸ್ ನ್ಯೂಯಾರ್ಕಿನ ಮೇಸೀಸ್ ಅಂಗಡಿಯ ಒಡೆಯರಲ್ಲೊಬ್ಬ. ಇಸ್ಮೇ ಮಾಲೀಕ ವರ್ಗ. ಇನ್ನು ಆಸ್ಟರ್, ಗುಗನ್‌ಹೈಮ್. ದೊಡ್ಡ ದುಡ್ಡಿನ ಜನ ಸತ್ತಿದ್ದರಿಂದ ಪತ್ರಿಕೆಗಳು ವಾರಗಟ್ಟಲೆ ಬರೆದವು, ಪತ್ರಿಕೆಗಳು ಬರೆದಿದ್ದರಿಂದ ಸಿನಿಮಾ ಬಂತು. ಹೊತ್ತಿನ ವಿಚಾರ ನಿಜ. ಆದರೆ ಫಿಲಿಪ್ಪೀನ್ಸ್‌ನ ಆ ಹಡಗು ಮೂರು ಗಂಟೆ ತೆಗೆದುಕೊಂಡು ಮುಳುಗಿದ್ದರೂ ಹಾಲಿವುಡ್ ಅದರ ಕಡೆ ತಿರುಗುತ್ತಿರಲಿಲ್ಲ.

— ಇದಕ್ಕೆ ನನ್ನಲ್ಲಿ ಎದುರು ಮಾತಿಲ್ಲ. ನೀನು ಹೇಳಿದ್ದೂ ಸೇರಿಯೇ ಪೂರ್ತಿ ಕಾರಣ.

— ಸಿನಿಮಾದವರು ಎಷ್ಟು ಬೇಗ ಓಡಿ ಬಂದರು ಎಂದು ನೋಡಿ. ಡೊರೊಥಿ ಗಿಬ್ಸನ್ ಎಂಬ ನಟಿ ಆ ಹಡಗಿನಲ್ಲೇ ಇದ್ದಳು, ದೋಣಿ ಹತ್ತಿ ಬದುಕಿದಳು. ಒಂದು ತಿಂಗಳು ಕಳೆಯುವಷ್ಟರಲ್ಲಿ ಅವಳೇ ನಟಿಸಿದ ಮೂಕಿಚಿತ್ರ ತೆರೆಗೆ ಬಂತು. ಆ ರಾತ್ರಿ ಉಟ್ಟಿದ್ದ ಬಟ್ಟೆಯನ್ನೇ ಉಟ್ಟು ಅವಳು ಕ್ಯಾಮರಾ ಎದುರು ನಿಂತಿದ್ದಳು. ಹೆಣಗಳನ್ನು ಹೂಳಿ ಇನ್ನೂ ಮಣ್ಣು ಆರಿರಲಿಲ್ಲ. ನನಗೆ ಅದನ್ನು ನೆನೆದರೆ ಮೈ ಮುದುಡುತ್ತದೆ.

— ನನಗೆ ಅವಳ ಬಗ್ಗೆ ಮರುಕ. ಕಂಡದ್ದನ್ನು ಮತ್ತೆ ಅಭಿನಯಿಸು ಎಂದರೆ ಆ ಹೆಣ್ಣುಮಗಳ ಒಳಗೆ ಏನಾಗಿರಬೇಡ! ಆ ಚಿತ್ರದ ಪ್ರತಿಗಳು 1914ರ ಬೆಂಕಿಯಲ್ಲಿ ಹೋದವು, ಈಗ ನೋಡಲು ಸಿಗುವುದಿಲ್ಲ. ಆದರೆ ನೀನು ಹೇಳಬೇಕಾದ ಕ್ರೂರ ಕಥೆ ಅದಲ್ಲ. 1943ರದ್ದು.

— ನಾತ್ಸಿಗಳ ಟೈಟಾನಿಕ್.

— ಹೌದು. ಗೊಬೆಲ್ಸ್‌ನ ಪ್ರಚಾರ ಖಾತೆಯ ಆಶ್ರಯದಲ್ಲಿ ಶುರುವಾದದ್ದು. ಇಂಗ್ಲಿಷ್ ಬಂಡವಾಳಶಾಹಿಯ ದುರಾಸೆಯಿಂದ ಹಡಗು ಮುಳುಗಿತು, ಎಚ್ಚರಿಸಲು ಹೋದವನು ಒಬ್ಬನೇ ಒಬ್ಬ ಜರ್ಮನ್ ಅಧಿಕಾರಿ ಎಂಬ ಕಥೆ. ಅಂಥ ಅಧಿಕಾರಿ ಹಡಗಿನಲ್ಲಿ ಇರಲೇ ಇಲ್ಲ. ನಿರ್ದೇಶಕ ಹರ್ಬರ್ಟ್ ಸೆಲ್ಪಿನ್ ಚಿತ್ರೀಕರಣದ ವೇಳೆ ನೌಕಾಪಡೆಯವರ ನಡತೆಯನ್ನು ಬಾಯಿಬಿಟ್ಟು ಬೈದ. ಜೊತೆಗಾರನೇ ದೂರು ಕೊಟ್ಟ. 1942ರ ಬೇಸಿಗೆಯಲ್ಲಿ ಬಂಧನವಾಯಿತು, ಸೆರೆಯ ಕೋಣೆಯಲ್ಲಿ ನೇಣು ಬಿಗಿದ ಸ್ಥಿತಿಯಲ್ಲಿ ಸಿಕ್ಕ. ಚಿತ್ರ ಮುಗಿಯುವಷ್ಟರಲ್ಲಿ ಜರ್ಮನಿಯ ನಗರಗಳ ಮೇಲೆ ಬಾಂಬ್ ಸುರಿಯುತ್ತಿತ್ತು. ಕಂಗಾಲಾಗಿ ಓಡುವ ಜನರ ದೃಶ್ಯವನ್ನು ತನ್ನ ಜನಕ್ಕೆ ತೋರಿಸಲು ಗೊಬೆಲ್ಸ್‌ಗೆ ಧೈರ್ಯ ಬರಲಿಲ್ಲ. ಮೊದಲ ಪ್ರದರ್ಶನ ಆದದ್ದು ಪ್ಯಾರಿಸ್‌ನಲ್ಲಿ, ಜರ್ಮನಿಯೊಳಗೆ ತಡೆ.

— ಹಡಗಿನ ವಿಚಾರ ಹೇಳಿ. ಚಿತ್ರೀಕರಣಕ್ಕೆ ಬಳಸಿದ ಹಡಗಿನ ವಿಚಾರ.

— ಕ್ಯಾಪ್ ಆರ್ಕೋನಾ. ಟೈಟಾನಿಕ್‌ನ ವೇಷ ಹಾಕಿಸಿದ್ದು ಅದಕ್ಕೇ. 1945ರ ಮೇ 3ರಂದು ಲ್ಯೂಬೆಕ್ ಕೊಲ್ಲಿಯಲ್ಲಿ ನಿಂತಿತ್ತು. ಅದರೊಳಗೆ ನೊಯೆನ್‌ಗಾಮೆ ಯಾತನಾ ಶಿಬಿರದಿಂದ ತಂದು ತುಂಬಿದ ಸಾವಿರಾರು ಕೈದಿಗಳು. ಬ್ರಿಟಿಷ್ ವಿಮಾನಗಳು ಅದು ಶತ್ರುಸೇನೆಯ ಹಡಗೆಂದು ದಾಳಿ ಮಾಡಿದವು. ಹೆಚ್ಚುಕಡಿಮೆ ಎಲ್ಲರೂ ಸತ್ತರು. ಹಿಟ್ಲರ್ ಸತ್ತು ಮೂರು ದಿನವಾಗಿತ್ತು, ಇನ್ನೈದು ದಿನಕ್ಕೆ ಯುರೋಪಿನಲ್ಲಿ ಯುದ್ಧ ಮುಗಿಯಿತು. ಸುಳ್ಳು ದುರಂತವನ್ನು ಅಭಿನಯಿಸಿದ ಡೆಕ್ಕಿನ ಮೇಲೆ ಟೈಟಾನಿಕ್‌ಗಿಂತ ಎಷ್ಟೋ ಪಟ್ಟು ದೊಡ್ಡ ದುರಂತ ನಡೆದುಹೋಯಿತು. ಅದರ ಮೇಲೆ ದೊಡ್ಡ ಸಿನಿಮಾ ಯಾಕಿಲ್ಲ ಎಂದು ನೀನು ಕೇಳಬಹುದು. ಕೇಳಬೇಕಾದದ್ದೇ.

— ಇನ್ನೊಂದನ್ನು ಸೇರಿಸುತ್ತೇನೆ. 1958ರಲ್ಲಿ ಬ್ರಿಟಿಷರು ‘ಎ ನೈಟ್ ಟು ರಿಮೆಂಬರ್’ ತೆಗೆದಾಗ ಆ ಜರ್ಮನ್ ಚಿತ್ರದ ಕೆಲವು ತುಣುಕುಗಳನ್ನೇ ಬಳಸಿಕೊಂಡರು. ಆದರೂ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅದೇ ಕಪ್ಪುಬಿಳುಪು ಚಿತ್ರ. ನಿರ್ಮಾಪಕ ವಿಲಿಯಂ ಮೆಕ್‌ವಿಟ್ಟಿ ಬೆಲ್‌ಫಾಸ್ಟಿನವನು. 1911ರ ಮೇ 31ರಂದು ಟೈಟಾನಿಕ್‌ನ ಒಡಲು ಹಾರ್ಲೆಂಡ್ ಅಂಡ್ ವುಲ್ಫ್ ಕಟ್ಟೆಯಿಂದ ನೀರಿಗಿಳಿದದ್ದನ್ನು ಮಗುವಾಗಿದ್ದಾಗ ಕಣ್ಣಾರೆ ಕಂಡವನು. ಸಲಹೆಗಾರನಾಗಿದ್ದವನು ಜೋಸೆಫ್ ಬಾಕ್ಸ್‌ಹಾಲ್, ಆ ರಾತ್ರಿ ಹಡಗಿನಲ್ಲಿದ್ದ ನಾಲ್ಕನೇ ಅಧಿಕಾರಿ. ಬದುಕುಳಿದ ಲಾರೆನ್ಸ್ ಬೀಸ್ಲಿ ಚಿತ್ರೀಕರಣದ ಜಾಗಕ್ಕೆ ಬಂದು, ಹಡಗು ಮುಳುಗುವ ದೃಶ್ಯದ ಗುಂಪಿನೊಳಗೆ ಸೇರಿಕೊಳ್ಳಲು ನೋಡಿದ. ಕಲಾವಿದರ ಸಂಘದ ನಿಯಮ ಬಿಡದೆಂದು ಅವನನ್ನು ಇಳಿಸಿದರು. ನಲವತ್ತಾರು ವರ್ಷದ ನಂತರ ಆ ಮನುಷ್ಯ ಮತ್ತೆ ಡೆಕ್ಕಿನ ಮೇಲೆ ನಿಲ್ಲಬೇಕು ಅಂದುಕೊಂಡನಲ್ಲ, ಅದರ ಮುಂದೆ ನನಗೆ ಯಾವ ಪ್ರೇಮಕಥೆಯೂ ಬೇಡ ಅನಿಸುತ್ತದೆ. ಆ ಚಿತ್ರದಲ್ಲಿ ನಾಯಕಿಯೇ ಇಲ್ಲ. ಕೆಲಸ ಮಾಡುವ ಜನ ಇದ್ದಾರೆ, ಅಷ್ಟೇ.

— ಆದರೆ ಅದರಲ್ಲಿ ಹಡಗು ಇಡಿಯಾಗಿ ಮುಳುಗುತ್ತದೆ.

— ಆಗ ಅಷ್ಟೇ ತಿಳಿದಿತ್ತು.

— ತಿಳಿದಿತ್ತು, ಕೇಳಲಿಲ್ಲ. ಈವಾ ಹಾರ್ಟ್‌ಗೆ ಆಗ ಏಳು ವರ್ಷ. ದೋಣಿಯಲ್ಲಿ ಕೂತು ನೋಡಿದ್ದಳು, ಅಪ್ಪ ಹಡಗಿನಲ್ಲೇ ಉಳಿದಿದ್ದ. ಹಡಗು ಎರಡಾಗಿ ಮುರಿಯಿತೆಂದು ಬದುಕಿನುದ್ದಕ್ಕೂ ಹೇಳಿದಳು. ಹದಿನೇಳರ ಹುಡುಗ ಜ್ಯಾಕ್ ಥೇಯರ್ ಕೂಡ ಹಾಗೆಯೇ ಹೇಳಿದ. ತನಿಖೆಗಳು ಇಡಿಯಾಗಿಯೇ ಮುಳುಗಿತೆಂದು ಬರೆದುಬಿಟ್ಟವು. 1985ರ ಸೆಪ್ಟೆಂಬರ್ 1ರಂದು ರಾಬರ್ಟ್ ಬಲ್ಲಾರ್ಡ್ ಮತ್ತು ಜಾನ್-ಲೂಯಿ ಮಿಶೆಲ್ ಅವರ ತಂಡಕ್ಕೆ ಸುಮಾರು 3,800 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತು. ಮುಂಭಾಗ ಒಂದು ಕಡೆ, ಹಿಂಭಾಗ ದೂರದಲ್ಲಿ ಇನ್ನೊಂದು ಕಡೆ. ಈವಾ ಹೇಳಿದ್ದು ನಿಜವಾಗಿತ್ತು. 1997ರ ಚಿತ್ರ ಆ ಮುರಿತವನ್ನು ಲೋಕದ ಕಣ್ಣಿಗೆ ಕಟ್ಟಿಕೊಟ್ಟಿತು. ಅವಳು ಅದನ್ನು ನೋಡಲಿಲ್ಲ, 1996ರಲ್ಲಿ ತೀರಿಕೊಂಡಿದ್ದಳು. ಆ ದೃಶ್ಯ ಬಂದಾಗಲೆಲ್ಲ ನನಗೆ ಕಾಣುವುದು ತಂತ್ರಜ್ಞಾನ ಅಲ್ಲ. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ನಂಬದೆ ಬಿಟ್ಟ ಒಬ್ಬ ಹುಡುಗಿಯ ಸಾಕ್ಷ್ಯ.

— ಇದನ್ನು ನಾನು ಹೀಗೆ ನೋಡಿರಲಿಲ್ಲ. ಸರಿ, ಸಾಕ್ಷ್ಯದ ಮಾತು ಬಂತಲ್ಲ, ನನ್ನ ಮುಖ್ಯ ತಕರಾರು ಅಲ್ಲೇ ಇದೆ. ನಿಜವಾಗಿ ಸತ್ತ 1,500 ಜನ ಇರುವಾಗ ಎರಡು ಕಲ್ಪಿತ ಪಾತ್ರಗಳನ್ನು ನಡುವೆ ತಂದು ನಿಲ್ಲಿಸಿದ್ದು ಯಾಕೆ? ಜಗತ್ತು ಅಳುವುದು ಹುಟ್ಟದೇ ಇದ್ದ ಜ್ಯಾಕ್ ಡಾಸನ್‌ಗೆ. ಗುಡ್‌ವಿನ್ ಎಂಬ ಸಂಸಾರ ಮೂರನೇ ದರ್ಜೆಯಲ್ಲಿ ಅಮೆರಿಕಕ್ಕೆ ಹೊರಟಿತ್ತು. ಅಪ್ಪ, ಅಮ್ಮ, ಆರು ಮಕ್ಕಳು. ಎಂಟೂ ಜನ ಹೋದರು. ಹತ್ತೊಂಬತ್ತು ತಿಂಗಳ ಕೊನೆಯ ಮಗು ಸಿಡ್ನಿಯ ದೇಹ ಸಿಕ್ಕಿತು, ಗುರುತು ಸಿಗಲಿಲ್ಲ. ಹೆಣಗಳನ್ನು ಎತ್ತಿ ತಂದ ಮೆಕೇ-ಬೆನೆಟ್ ಹಡಗಿನ ನಾವಿಕರು ತಮ್ಮ ದುಡ್ಡು ಹಾಕಿ ಹ್ಯಾಲಿಫ್ಯಾಕ್ಸ್‌ನಲ್ಲಿ ಕಲ್ಲು ನಿಲ್ಲಿಸಿದರು. ಅದರ ಮೇಲೆ ‘ಹೆಸರು ತಿಳಿಯದ ಮಗು’ ಎಂದಿತ್ತು. ಡಿಎನ್‌ಎ ಪರೀಕ್ಷೆಯಿಂದ ಹೆಸರು ಖಚಿತವಾದದ್ದು 2007ರಲ್ಲಿ. ಈ ಮನೆಯವರ ಮೇಲೆ ಮೂರು ಗಂಟೆಯ ಚಿತ್ರ ತೆಗೆಯಲು ಏನು ಅಡ್ಡಿಯಿತ್ತು?

— ಅದೇ ಸ್ಮಶಾನದಲ್ಲಿ 227ನೇ ಸಂಖ್ಯೆಯ ಕಲ್ಲೊಂದಿದೆ. ಜೆ. ಡಾಸನ್ ಎಂದು ಕೆತ್ತಿದೆ.

— ಗೊತ್ತು. ಜೋಸೆಫ್ ಡಾಸನ್. ಹಡಗಿನ ಹೊಟ್ಟೆಯಲ್ಲಿ ಕಲ್ಲಿದ್ದಲು ಸರಿಸುತ್ತಿದ್ದ ಕೂಲಿ, ಇಪ್ಪತ್ಮೂರು ವರ್ಷದವನು. ಸಿನಿಮಾ ನೋಡಿದವರು ಅವನ ಕಲ್ಲಿನ ಮುಂದೆ ಹೂವಿಟ್ಟು ಹೋಗುತ್ತಾರೆ, ಜ್ಯಾಕ್ ಎಂದು ತಿಳಿದು. ಹೂವು ತಪ್ಪಿದ ವಿಳಾಸಕ್ಕೆ ಹೋದಂತಾಯಿತು.

— ನನ್ನ ಪ್ರಕಾರ ಸರಿಯಾದ ವಿಳಾಸಕ್ಕೇ ಹೋಯಿತು. ಎಂಬತ್ತೈದು ವರ್ಷ ಆ ಕೂಲಿಯ ಕಲ್ಲಿನ ಮುಂದೆ ಎಷ್ಟು ಜನ ನಿಂತಿದ್ದರು? ಹದಿನಾರರ ಹುಡುಗಿಯೊಬ್ಬಳು ಜ್ಯಾಕ್‌ನನ್ನು ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾಳೆ. ಸಾಲಾಗಿ ನಿಂತ 121 ಕಲ್ಲುಗಳನ್ನು ನೋಡುತ್ತಾಳೆ, ಹಲವುಗಳ ಮೇಲೆ ಹೆಸರಿಲ್ಲ, ಬರೀ ದಿನಾಂಕ ಮತ್ತು ಸಂಖ್ಯೆ. ಅವಳು ಹೋದಂತೆಯೇ ವಾಪಸ್ ಬರುವುದಿಲ್ಲ. ನಿನ್ನ ತಕರಾರಿಗೆ ಇನ್ನೂ ಗಟ್ಟಿಯಾದ ಉತ್ತರವಿದೆ. ಲಂಡನ್ನಿನಲ್ಲಿ ಲಾರ್ಡ್ ಮರ್ಸಿಯ ತನಿಖೆ ನಡೆಯಿತಲ್ಲ, ಅಲ್ಲಿ ಮೂರನೇ ದರ್ಜೆಯ ಪ್ರಯಾಣಿಕರಲ್ಲಿ ಎಷ್ಟು ಜನರನ್ನು ಸಾಕ್ಷಿಗೆ ಕರೆದರು?

— ಒಬ್ಬರನ್ನೂ ಇಲ್ಲ.

— ಒಬ್ಬರನ್ನೂ ಇಲ್ಲ. ಒಂದನೇ ದರ್ಜೆಯ ಡಫ್-ಗಾರ್ಡನ್ ದಂಪತಿಯನ್ನು ಕೇಳಿದರು, ಇಸ್ಮೇಯನ್ನು ಕೇಳಿದರು. ಕೆಳಗಿನವರನ್ನು ಕೇಳದೆಯೇ, ಅವರಿಗೆ ಅನ್ಯಾಯವಾಗಿಲ್ಲ ಎಂದು ತೀರ್ಪು ಬರೆದರು. ಒಂದನೇ ದರ್ಜೆಯ ಹೆಂಗಸರು ಹೆಚ್ಚುಕಡಿಮೆ ಎಲ್ಲರೂ ಬದುಕಿದ್ದರು, ಮೂರನೇ ದರ್ಜೆಯ ಹೆಂಗಸರಲ್ಲಿ ಅರ್ಧದಷ್ಟೂ ಉಳಿದಿರಲಿಲ್ಲ, ಅಲ್ಲಿನ ಮಕ್ಕಳಲ್ಲಿ ಮೂರರಲ್ಲಿ ಇಬ್ಬರು ಸತ್ತಿದ್ದರು. ಈ ಅಂಕಿಯನ್ನು ಎದುರಿಗಿಟ್ಟುಕೊಂಡು ಹಾಗೆ ಬರೆದರು. ದಾಖಲೆಯಲ್ಲಿ ಆ ಜನರ ದನಿ ಇಲ್ಲದೇ ಇದ್ದದ್ದಕ್ಕೇ ಕಲ್ಪನೆ ಬೇಕಾಯಿತು. ಜೂಜಿನಲ್ಲಿ ಟಿಕೆಟ್ ಗೆದ್ದ ಬಡ ಹುಡುಗನ ಬೆನ್ನು ಹಿಡಿದು ಕ್ಯಾಮರಾ ಕೆಳಗಿಳಿಯುತ್ತದೆ. ಇಲಿಗಳು ಓಡುವ ಓಣಿ, ಕುಣಿತದ ಕೋಣೆ, ಬೀಗ ಹಾಕಿದ ಕಬ್ಬಿಣದ ಬಾಗಿಲು, ಮಕ್ಕಳಿಗೆ ಕಥೆ ಹೇಳಿ ಮಲಗಿಸುವ ಐರಿಷ್ ತಾಯಿ. ಆ ತಾಯಿಯನ್ನು ನೋಡುವಾಗ ನನಗೆ ಗುಡ್‌ವಿನ್ ಮನೆಯ ಅಮ್ಮನೇ ಕಾಣುತ್ತಾಳೆ.

— ಬೀಗದ ಬಾಗಿಲು ಚಿತ್ರದಲ್ಲಿ ಇರುವಷ್ಟು ಸರಳ ಅಲ್ಲ. ಮೂರನೇ ದರ್ಜೆಯವರನ್ನು ಬೇರೆಯಾಗಿ ಇಡಬೇಕೆಂಬುದು ಅಮೆರಿಕದ ವಲಸೆ ಕಾನೂನು. ಯಾರೋ ಕ್ರೂರಿ ನಿಂತು ಬೀಗ ಹಾಕಿದ್ದಕ್ಕಿಂತ, ದಾರಿ ತೋರಿಸುವವರಿಲ್ಲದೆ, ಇಂಗ್ಲಿಷ್ ಫಲಕ ಓದಲು ಬಾರದೆ ಸಿಕ್ಕಿಬಿದ್ದವರು ಹೆಚ್ಚು. ದೋಣಿಗಳ ಕಥೆಯೂ ಹಾಗೆಯೇ. 10,000 ಟನ್ನಿಗೆ ಮೇಲ್ಪಟ್ಟ ಹಡಗಿಗೆ 16 ದೋಣಿ ಸಾಕು ಎಂಬುದು ಬ್ರಿಟನ್ನಿನ ನಿಯಮ. ಟೈಟಾನಿಕ್ 46,000 ಟನ್ ದಾಟಿತ್ತು, ನಿಯಮ ಹಳೆಯದಾಗಿಯೇ ಉಳಿದಿತ್ತು. 20 ದೋಣಿ ಇಟ್ಟು ಕಂಪನಿ ಕಾನೂನಿಗಿಂತ ಹೆಚ್ಚೇ ಪಾಲಿಸಿತ್ತು! ಅದರಲ್ಲಿ ಹಿಡಿಯುತ್ತಿದ್ದದ್ದು 1,178 ಜನ, ಹಡಗಿನಲ್ಲಿದ್ದವರು ಸುಮಾರು 2,200. ಕೇಡಿಗನಿಲ್ಲದ ಕೇಡು ಇದು, ಮೇಷ್ಟ್ರೇ. ಸಿನಿಮಾಕ್ಕೆ ಅದು ಒಗ್ಗುವುದಿಲ್ಲ, ಕೋಟು ತೊಟ್ಟ ಒಬ್ಬ ಖಳ ಬೇಕು. ಆ ಆಸೆಗೆ ವಿಲಿಯಂ ಮರ್ಡೋಕ್ ಬಲಿಯಾದ. ಮೊದಲನೇ ಅಧಿಕಾರಿ, ಕೊನೆಯವರೆಗೂ ದೋಣಿ ಇಳಿಸುತ್ತಿದ್ದವನು. ಚಿತ್ರದಲ್ಲಿ ಅವನು ಪ್ರಯಾಣಿಕರಿಗೆ ಗುಂಡು ಹೊಡೆದು ತಾನೂ ಹೊಡೆದುಕೊಳ್ಳುತ್ತಾನೆ. ಹಾಗಾಯಿತೆಂದು ಯಾರೂ ರುಜುವಾತು ಮಾಡಿಲ್ಲ. ಸ್ಕಾಟ್‌ಲೆಂಡಿನಲ್ಲಿ ಅವನ ಊರು ಡಾಲ್‌ಬೀಟಿ, ಅಲ್ಲಿನವರು ಸಿಡಿದೆದ್ದರು. 1998ರಲ್ಲಿ ಚಿತ್ರಸಂಸ್ಥೆಯ ಅಧಿಕಾರಿ ಅಲ್ಲಿಗೇ ಹೋಗಿ ಕ್ಷಮೆ ಕೇಳಿದ, ಮರ್ಡೋಕ್ ಹೆಸರಿನ ಶಾಲಾ ಬಹುಮಾನಕ್ಕೆ 5,000 ಪೌಂಡ್ ಕೊಟ್ಟ.

— ಅದು ತಪ್ಪೇ. ಕ್ಯಾಮರಾನ್ ಕೂಡ ಮುಂದೆ ವಿಷಾದ ಹೇಳಿದ. ಸತ್ತವನು ಬಂದು ವಾದಿಸಲಾರ, ಆದ್ದರಿಂದ ಅವನ ಹೆಸರು ಹಿಡಿಯುವಾಗ ಕೈ ನಡುಗಬೇಕು. ನಾನು ಆ ದೃಶ್ಯವನ್ನು ಸಮರ್ಥಿಸುವುದಿಲ್ಲ. ಅದೇ ಕ್ಯಾಮರಾನ್ ಇನ್ನೊಂದು ಕಡೆ ಎಷ್ಟು ನಿಷ್ಠುರ ನೋಡು. ಚಿತ್ರ ತೆಗೆಯುವ ಮೊದಲು 1995ರಲ್ಲಿ ರಷ್ಯನ್ನರ ಮೀರ್ ಎಂಬ ಆಳಕಡಲ ನೌಕೆಗಳಲ್ಲಿ ಹನ್ನೆರಡು ಸಲ ಆ ಅವಶೇಷದ ಬಳಿಗೆ ಇಳಿದ. ಮೆಕ್ಸಿಕೊದ ರೊಸಾರಿಟೊದಲ್ಲಿ ಕಡಲಂಚಿಗೆ ತೊಟ್ಟಿ ತೋಡಿಸಿ ಹಡಗಿನ ಒಂದು ಮಗ್ಗುಲನ್ನು ಕಟ್ಟಿಸಿದ, ಬಲಮಗ್ಗುಲು ಮಾತ್ರ. ಆದರೆ ಸೌತಾಂಪ್ಟನ್ನಿನಲ್ಲಿ ನಿಜವಾದ ಹಡಗು ಕಟ್ಟೆಗೆ ತಾಗಿ ನಿಂತದ್ದು ಎಡಮಗ್ಗುಲಾಗಿ. ಏನು ಮಾಡಿದ? ಬಂದರಿನ ದೃಶ್ಯದಲ್ಲಿ ಫಲಕಗಳ ಅಕ್ಷರವನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಸಿ, ಆಮೇಲೆ ಚಿತ್ರವನ್ನೇ ಮಗುಚಿದ. ಯಾವ ಪ್ರೇಕ್ಷಕ ಕೇಳುತ್ತಿದ್ದ, ಹಡಗು ಯಾವ ಮಗ್ಗುಲಾಗಿ ನಿಂತಿತ್ತೆಂದು? ಇಂಥ ಸಾವಿರ ನಿಷ್ಠೆಗಳು ಸೇರಿ ಚಿತ್ರಕ್ಕೆ ಒಂದು ತೂಕ ಬರುತ್ತದೆ. ನೋಡುವವನಿಗೆ ಕಾರಣ ತಿಳಿಯದಿದ್ದರೂ ಇದು ನಡೆದದ್ದು ಎಂಬ ನಂಬಿಕೆ ಕೂರುತ್ತದೆ. ಹಾಗಿಲ್ಲದಿದ್ದರೆ ಕಾಬೂಲಿನಲ್ಲಿ ತಾಲಿಬಾನ್ ಆಳ್ವಿಕೆಯಲ್ಲಿ, ಸಿನಿಮಾ ನೋಡುವುದೇ ಅಪರಾಧವಾಗಿದ್ದಾಗ, ಹುಡುಗರು ಕದ್ದು ವಿಡಿಯೊ ನೋಡಿ ಜ್ಯಾಕ್‌ನಂತೆ ಕೂದಲು ಕತ್ತರಿಸಿಕೊಳ್ಳುತ್ತಿದ್ದರೇ? ಆ ಕೂದಲು ಕತ್ತರಿಸಿದ ಕ್ಷೌರಿಕರನ್ನು ಜೈಲಿಗೆ ಹಾಕಿದರು.

— ನಮ್ಮ ಕಡೆಯಿಂದ ಆ ಹಡಗಿಗೆ ಹೋದವರೂ ಇದ್ದರು, ನೆನಪಿದೆಯೇ? ಗುಂಟೂರಿನ ಲೂಥರನ್ ಮಿಷನ್ನಿನ ಬೆಕರ್ ಸಂಸಾರ. ಗಂಡು ಮಗುವಿಗೆ ಕಾಯಿಲೆ, ಚಿಕಿತ್ಸೆಗೆಂದು ತಾಯಿ ನೆಲ್ಲಿ ಮೂರು ಮಕ್ಕಳನ್ನು ಕಟ್ಟಿಕೊಂಡು ಅಮೆರಿಕಕ್ಕೆ ಹೊರಟಿದ್ದಳು. ತಾಯಿ, ಚಿಕ್ಕವರಿಬ್ಬರು 11ನೇ ದೋಣಿಯಲ್ಲಿ. ಹನ್ನೆರಡರ ರೂತ್ ಒಬ್ಬಳೇ 13ರಲ್ಲಿ. ಅವಳು ಹುಟ್ಟಿದ್ದೂ ಗುಂಟೂರಿನಲ್ಲೇ. ಚಿತ್ರದಲ್ಲಿ ಕೆಳಗಿನ ದೋಣಿಯ ತಲೆಯ ಮೇಲೇ ಇನ್ನೊಂದು ದೋಣಿ ಇಳಿದು ಬರುತ್ತದಲ್ಲ, ಹಗ್ಗ ಕತ್ತರಿಸಿ ಪಾರಾಗುತ್ತಾರಲ್ಲ, ಆ ಕೆಳಗಿನ ದೋಣಿ 13ನೆಯದು. ನಾನು ಆ ದೃಶ್ಯದಲ್ಲಿ ಅವಳನ್ನು ಹುಡುಕುತ್ತೇನೆ.

— ಇನ್ನೊಬ್ಬನನ್ನೂ ಹುಡುಕು. ಫಾಂಗ್ ಲಾಂಗ್. ಹಡಗಿನಲ್ಲಿ ಎಂಟು ಜನ ಚೀನೀ ನಾವಿಕರು ಪ್ರಯಾಣಿಕರಾಗಿ ಹೋಗುತ್ತಿದ್ದರು, ಆರು ಜನ ಉಳಿದರು. ಹಡಗು ಮುಳುಗಿದ ಮೇಲೆ ಅಧಿಕಾರಿ ಹೆರಾಲ್ಡ್ ಲೋ ದೋಣಿ ತಿರುಗಿಸಿ ಹುಡುಕಲು ಬಂದಾಗ, ಮರದ ತುಂಡಿಗೆ ತನ್ನನ್ನು ಕಟ್ಟಿಕೊಂಡು ತೇಲುತ್ತಿದ್ದವನು ಈತ. ಎತ್ತಿಕೊಂಡರು, ಚೇತರಿಸಿಕೊಂಡವನೇ ಹುಟ್ಟು ಹಾಕಲು ಕೂತ. ಕ್ಯಾಮರಾನ್ ಆ ದೃಶ್ಯವನ್ನು ಚಿತ್ರೀಕರಿಸಿದ್ದ, ಕೊನೆಗೆ ಕತ್ತರಿಸಿದ.

— ರೋಸ್ ತೇಲುವ ಹಲಗೆಯ ಹಿಂದೆ ಇವನಿದ್ದಾನೆ ಅನ್ನಿ.

— ಇದ್ದಾನೆ. 2021ರಲ್ಲಿ ಆರ್ಥರ್ ಜೋನ್ಸ್ ‘ದಿ ಸಿಕ್ಸ್’ ಎಂಬ ಸಾಕ್ಷ್ಯಚಿತ್ರವನ್ನು ಬಿಡುಗಡೆ ಮಾಡಿದ, ಅದಕ್ಕೆ ಕ್ಯಾಮರಾನ್ ಬೆಂಬಲವೂ ಇತ್ತು. ಕಾರ್ಪೇಥಿಯಾ ಹಡಗು ಏಪ್ರಿಲ್ 18ರ ರಾತ್ರಿ ಬದುಕುಳಿದವರನ್ನು ನ್ಯೂಯಾರ್ಕಿಗೆ ತಂದಾಗ ಎಲ್ಲರೂ ಇಳಿದರು, ಈ ಆರು ಜನ ಇಳಿಯಲಾಗಲಿಲ್ಲ. ಚೀನೀಯರ ಪ್ರವೇಶ ತಡೆಯುವ ಕಾನೂನಿತ್ತು. ಒಂದು ದಿನದೊಳಗೆ ಕ್ಯೂಬಾದ ಕಡೆ ಹೋಗುವ ಹಡಗು ಹತ್ತಿಸಿದರು. ಫಾಂಗ್ ಲಾಂಗ್ ಎಷ್ಟೋ ವರ್ಷದ ಮೇಲೆ ಬೇರೆ ಹೆಸರಿನಲ್ಲಿ ಅಮೆರಿಕದಲ್ಲಿ ನೆಲೆಸಿದ. ಟೈಟಾನಿಕ್‌ನಲ್ಲಿ ಇದ್ದೆನೆಂದು ಸ್ವಂತ ಮಗನಿಗೂ ಹೇಳಲಿಲ್ಲ.

— ಹಾಗಾದರೆ ಮುಂದಿನ ಚಿತ್ರ ಅಲ್ಲಿಂದಲೇ ಶುರುವಾಗಬೇಕು. ಇಲ್ಲಿಯವರೆಗಿನವು ಹೆಚ್ಚಾಗಿ ಕಾರ್ಪೇಥಿಯಾ ಬಂದ ಮೇಲೆ ಬೇಗ ಮುಗಿದುಹೋಗುತ್ತವೆ.

— ಶುರುವಾಗಲಿ. ಅದಕ್ಕೆ 20 ಕೋಟಿ ಡಾಲರ್ ಬೇಕಾಗಿಲ್ಲ. ಹಡಗು ಕಟ್ಟುವುದು ಬೇಡ, ತೊಟ್ಟಿ ತುಂಬಿಸುವುದು ಬೇಡ. ಒಂದು ಬಂದರು, ಒಂದು ಮೇಜು, ಆರು ಜನ ನಟರು ಸಾಕು.

— ಮೇಜಿನ ಆಚೆ ಕೂತ ವಲಸೆ ಅಧಿಕಾರಿಯೂ ಬೇಕು, ಮೇಷ್ಟ್ರೇ. ಅವನನ್ನು ಖಳನನ್ನಾಗಿ ಬರೆಯದೆ ಇರಲಿ. 16 ದೋಣಿ ಸಾಕು ಎಂದು ಬರೆದವನಂತೆ ಅವನೂ ಎದುರಿಗಿದ್ದ ಕಾನೂನನ್ನು ಓದಿ ಹೇಳಿದ. ಆಮೇಲೆ ಮುಂದಿನವರನ್ನು ಕರೆದ.